ಹೆಬ್ಬೆಟ್ಟಿಗೊಂದು ಬೀಗ: ಆಧಾರ್ ಬಯೊಮೆಟ್ರಿಕ್ ಲಾಕ್ ಮಾಡುವುದು ಹೇಗೆ, ತೆಗೆಯುವುದು ಯಾವಾಗ

ಎಟಿಎಂ ಪಿನ್ ಬಯಲಾದರೆ ಬದಲಾಯಿಸಬಹುದು. ಹೆಬ್ಬೆಟ್ಟನ್ನು ಬದಲಾಯಿಸೋಕಾಗಲ್ಲ. ಆದರೂ ನಾವು ಸೊಸೈಟಿ ಅಕ್ಕಿಗೆ, ಸಿಮ್‌ಗೆ, ಬ್ಯಾಂಕ್ ಮಿತ್ರರ ಹತ್ತಿರ ಐನೂರು ರೂಪಾಯಿ ತೆಗೆಯೋಕೆ ಎಲ್ಲದಕ್ಕೂ ಅದನ್ನೇ ಒತ್ತುತ್ತೇವೆ. ಆಧಾರ್ ಆಧಾರಿತ ಪಾವತಿ, ಅಂದರೆ ಎಇಪಿಎಸ್‌ನಲ್ಲಿ ದುಡ್ಡು ತೆಗೆಯಲು ಬೇಕಾಗುವುದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು. ಒಟಿಪಿ ಕೇಳುವುದಿಲ್ಲ. ಒಂದು ಸಲಕ್ಕೆ ಗರಿಷ್ಠ 10,000 ರೂ. ತೆಗೆಯಬಹುದು.

ಬೆರಳಚ್ಚು ಕಳ್ಳರಿಗೆ ಎಲ್ಲಿಂದ ಸಿಗುತ್ತೆ ಅಂತ ಕೇಳಬಹುದು. ನೋಂದಣಿಯಾದ ಕ್ರಯಪತ್ರದಲ್ಲಿ ಆಧಾರ್ ಸಂಖ್ಯೆಯೂ ಹೆಬ್ಬೆಟ್ಟಿನ ಗುರುತೂ ಒಟ್ಟಿಗೇ ಇರುತ್ತವೆ. 2023ರಲ್ಲಿ ಕರಾವಳಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹೀಗೇ ದುಡ್ಡು ಹೋಗಿತ್ತು. ತೋಟ, ಗದ್ದೆ ಪಾಲು ಮಾಡಿಕೊಂಡವರು, ಮಾರಿದವರು ಮಲೆನಾಡಲ್ಲೂ ಕಡಿಮೆಯಿಲ್ಲ.

ಇದಕ್ಕೆ ತಡೆ ಬಯೊಮೆಟ್ರಿಕ್ ಲಾಕ್, ಅಂದರೆ ಆಧಾರ್‌ನಲ್ಲಿರುವ ನಿಮ್ಮ ಬೆರಳು, ಕಣ್ಣು, ಮುಖದ ಗುರುತಿಗೆ ಹಾಕುವ ಬೀಗ. ಮೊದಲು ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಈಗಲೂ ನಿಮ್ಮ ಕೈಲಿದೆಯಾ ನೋಡಿ. ಇಲ್ಲದಿದ್ದರೆ ಮುಂದಿನದು ಯಾವುದೂ ಆಗಲ್ಲ. ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿಕೊಳ್ಳಿ, 75 ರೂ. ಶುಲ್ಕ. ನಂಬರ್ ಇದ್ದರೆ ಮೈ ಆಧಾರ್ ವೆಬ್‌ಸೈಟ್ ತೆರೆದು ಆಧಾರ್ ಸಂಖ್ಯೆ, ಒಟಿಪಿ ಹಾಕಿ ಒಳಗೆ ಹೋಗಿ. ಮಳೆಗಾಲದಲ್ಲಿ ಆಗುಂಬೆ, ಹೊಸನಗರದ ಕಡೆ ಒಟಿಪಿ ಬರೋದು ತಡ ಆಗುತ್ತೆ. ಸಿಗ್ನಲ್ ಸಿಗೋ ದರೆ ಹತ್ತಿ ನಿಂತೇ ಒತ್ತಿ. ಬರಲಿಲ್ಲ ಅಂತ ಮೇಲಿಂದ ಮೇಲೆ ಒತ್ತಿದರೆ ನಾಲ್ಕು ಒಟಿಪಿ ಒಟ್ಟಿಗೆ ಬಂದು ಯಾವುದು ಕೊನೆಯದು ಅಂತ ತಿಳಿಯದೆ ತಪ್ಪು ಹಾಕುತ್ತೀರಿ.

ಲಾಕ್ ಮಾಡುವ ಮುಂಚೆ ದೃಢೀಕರಣ ಇತಿಹಾಸ ನೋಡಿ. ಕಳೆದ 6 ತಿಂಗಳಲ್ಲಿ ನಿಮ್ಮ ಆಧಾರ್ ಯಾವತ್ತು, ಎಷ್ಟು ಗಂಟೆಗೆ, ಬೆರಳಿಂದಲೋ ಒಟಿಪಿಯಿಂದಲೋ ಬಳಕೆಯಾಗಿದೆ ಅನ್ನುವುದು ಅಲ್ಲಿರುತ್ತೆ. ಒಂದು ಸಲಕ್ಕೆ 50 ದಾಖಲೆ ಕಾಣುತ್ತವೆ. ನೀವು ತೋಟದಲ್ಲಿದ್ದ ಹೊತ್ತಿಗೆ ಬೆರಳಚ್ಚಿನ ದಾಖಲೆ ಕಂಡರೆ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ.

ಆಮೇಲೆ ‘ಲಾಕ್/ಅನ್‌ಲಾಕ್ ಬಯೊಮೆಟ್ರಿಕ್ಸ್’ ಒತ್ತಿ, ಷರತ್ತಿಗೆ ಟಿಕ್ ಹಾಕಿ ಮುಂದುವರಿಸಿ. ಎರಡು ನಿಮಿಷದ ಕೆಲಸ. ಪಕ್ಕದಲ್ಲೇ ‘ಲಾಕ್ ಆಧಾರ್’ ಅಂತ ಇನ್ನೊಂದಿರುತ್ತೆ, ಅದನ್ನು ಒತ್ತಬೇಡಿ. ಅದು ಆಧಾರ್ ಸಂಖ್ಯೆಗೇ ಬೀಗ; ತೆಗೆಯಲು 16 ಅಂಕಿಯ ವಿಐಡಿ, ಅಂದರೆ ಆಧಾರ್ ಸಂಖ್ಯೆಯ ಬದಲಿಗೆ ಬಳಸುವ ತಾತ್ಕಾಲಿಕ ಸಂಖ್ಯೆ ಬೇಕು. ವಿಐಡಿ ಬರೆದಿಟ್ಟುಕೊಳ್ಳದೆ ಅದನ್ನು ಒತ್ತಿದರೆ ಒಂದು ದಿನ ದಂಡ.

ಬಯೊಮೆಟ್ರಿಕ್ ಲಾಕ್ ಆದಮೇಲೆ ಬೆರಳು, ಕಣ್ಣು, ಮುಖ ಮೂರೂ ಮುಚ್ಚಿದಂತೆ. ಒಟಿಪಿ ಕೆಲಸ ಮಾಡುತ್ತೆ. ಖಾತೆಗೆ ನೇರ ಬರುವ ಗೃಹಲಕ್ಷ್ಮಿ ದುಡ್ಡಿಗೆ ತೊಂದರೆಯಿಲ್ಲ. ಪಿಂಚಣಿಯವರ ಜೀವನ ಪ್ರಮಾಣಪತ್ರ ಬೆರಳಲ್ಲಾಗಲಿ ಮುಖದಲ್ಲಾಗಲಿ ಆಗಲ್ಲ, ನವೆಂಬರ್‌ನಲ್ಲಿ ನೆನಪಿರಲಿ. ನಿಜವಾದ ಫಜೀತಿ ಸೊಸೈಟಿಯಲ್ಲಿ. ತಾತ್ಕಾಲಿಕವಾಗಿ ತೆಗೆದ ಬೀಗ ಕೆಲವೇ ನಿಮಿಷದಲ್ಲಿ ತಾನೇ ಬೀಳುತ್ತೆ. ಮನೆಯಲ್ಲಿ ತೆಗೆದು, ಮೂರು ಕಿಲೋಮೀಟರ್ ನಡೆದು ಹೋಗುವಷ್ಟರಲ್ಲಿ ಮತ್ತೆ ಲಾಕ್. ಸೊಸೈಟಿ ಹತ್ತಿರ ನೆಟ್‌ವರ್ಕ್ ಇಲ್ಲ.

ಇದಕ್ಕೆ ನಾವು ಹೇಳುವ ಉಪಾಯ ಇಷ್ಟೇ: ರೇಷನ್ ಕಾರ್ಡಿನಲ್ಲಿ ಹೆಸರಿದ್ದು ಇ-ಕೆವೈಸಿ ಆಗಿರುವ ಯಾರ ಬೆರಳಾದರೂ ನಡೆಯುತ್ತೆ. ಆದ್ದರಿಂದ ಮನೆಯಲ್ಲಿ ಒಬ್ಬರದು ಮಾತ್ರ ತೆರೆದಿರಲಿ, ಉಳಿದವರದು ಲಾಕ್ ಆಗಲಿ. ಆ ಒಬ್ಬರ ಖಾತೆಯಲ್ಲಿ ಹೆಚ್ಚು ದುಡ್ಡಿರಬಾರದು. ಅಡಿಕೆ ಮಾರಿದ ಹಣ ಯಾರ ಖಾತೆಗೆ ಬೀಳುತ್ತೋ ಅವರಂತೂ ಆಗಕೂಡದು.

ಕೊನೆಕೊಯ್ಲಿನ ದಿನಗಳಲ್ಲಿ ಇನ್ನೊಂದು ಗೋಜಲು. ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿದವರ ಬೆರಳ ತುದಿ ಚೊಗರು ಹತ್ತಿ ಕಪ್ಪಾಗಿ, ಗೆರೆಗಳು ಸವೆದಿರುತ್ತವೆ. ಯಂತ್ರದ ಗಾಜಿನ ಮೇಲೆ ಎಷ್ಟು ಒತ್ತಿದರೂ ಅಚ್ಚು ಕೂರಲ್ಲ. ಯಂತ್ರದಲ್ಲಿ ದೋಷದ ಸಂಖ್ಯೆ ಏನು ಬಂತು ಅಂತ ಕೇಳಿ. 300 ಅಂದರೆ ಅಚ್ಚು ಹೊಂದಲಿಲ್ಲ: ಕೈ ತೊಳೆದು ಒರೆಸಿ, ಚೊಗರು ಕಡಿಮೆ ಇರುವ ಬೆರಳು ಕೊಡಿ. 330 ಅಂದರೆ ಬೀಗ ಬಿದ್ದಿದೆ: ನೂರು ಸಲ ಒತ್ತಿದರೂ ಆಗಲ್ಲ.

ದುಡ್ಡು ತೆಗೆಯುವ ಕಡೆ ‘ಕೂತಿಲ್ಲ, ಇನ್ನೊಂದ್ಸಲ ಒತ್ತಿ ಅಮ್ಮಾ’ ಅಂದರೆ ಎರಡನೇ ಸಲ ಒತ್ತುವ ಮುಂಚೆ ಮೊದಲನೆಯದು ವಿಫಲ ಅಂತ ಪರದೆ ತೋರಿಸಲು ಹೇಳಿ, ರಸೀದಿ ಕೇಳಿ. ಮೊದಲ ಸಲವೇ ದುಡ್ಡು ಹೋಗಿರುವುದೂ ಉಂಟು. ಎಲ್ಲರೂ ಕಳ್ಳರಲ್ಲ, ಆದರೆ ಕೇಳಿದರೆ ಪ್ರಾಮಾಣಿಕರಿಗೇನೂ ಬೇಜಾರಾಗಲ್ಲ.

ಜೆರಾಕ್ಸ್ ವಿಷಯ. 2022ರ ಮೇ 27ರಂದು ಆಧಾರ್ ಕೊಡುವ ಪ್ರಾಧಿಕಾರ ಯುಐಡಿಎಐನ ಬೆಂಗಳೂರು ಕಚೇರಿಯೇ ಆಧಾರ್ ಜೆರಾಕ್ಸ್ ಸಿಕ್ಕಸಿಕ್ಕವರಿಗೆ ಕೊಡಬೇಡಿ, ಸಂಖ್ಯೆ ಮುಚ್ಚಿದ ‘ಮಾಸ್ಕ್’ ಆದದ್ದು ಕೊಡಿ ಅಂತ ಪ್ರಕಟಣೆ ಹೊರಡಿಸಿತು. ಎರಡು ದಿನಕ್ಕೆ ಕೇಂದ್ರ ಅದನ್ನು ವಾಪಸ್ ಪಡೆಯಿತು. ನಮ್ಮ ಪ್ರಕಾರ ಹಿಂದಕ್ಕೆ ಹೋದ ಆ ಮಾತೇ ಸರಿ. ಆಧಾರ್ ಡೌನ್‌ಲೋಡ್ ಮಾಡುವಾಗ ‘ಮಾಸ್ಕ್ಡ್’ ಅನ್ನುವಲ್ಲಿ ಟಿಕ್ ಹಾಕಿದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಪಿಡಿಎಫ್ ಬರುತ್ತೆ. ಪಾಸ್‌ವರ್ಡ್: ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ, ಜೊತೆಗೆ ಹುಟ್ಟಿದ ವರ್ಷ. ಪ್ರಿಂಟ್‌ಗೆಂದು ಅಂಗಡಿಯವರಿಗೆ ವಾಟ್ಸ್ಆ್ಯಪ್ ಮಾಡಿದ ಫೈಲ್ ಅವರ ಕಂಪ್ಯೂಟರಿನ ಡೌನ್‌ಲೋಡ್ಸ್‌ನಲ್ಲಿ ಕೂತಿರುತ್ತೆ. ನೀವು ಚಾಟ್‌ನಲ್ಲಿ ಅಳಿಸಿದರೆ ಅಲ್ಲಿಂದ ಹೋಗಲ್ಲ. ಎದುರಿಗೇ ನಿಂತು ಡೌನ್‌ಲೋಡ್ಸ್‌ನಿಂದ, ಆಮೇಲೆ ರಿಸೈಕಲ್ ಬಿನ್‌ನಿಂದ ಅಳಿಸಿಸಿ. ಪ್ರತಿಯ ಮೇಲೆ ಅಡ್ಡಡ್ಡ ‘ಇಂಥ ಕೆಲಸಕ್ಕೆ ಮಾತ್ರ’ ಅಂತ ಬರೆದು ತಾರೀಖು ಹಾಕಿ.

‘ನಮ್ಮ ಹತ್ರ ಮುಚ್ಚಿಡೋಕೆ ಏನಿದೆ’ ಅನ್ನುವವರಿಗೆ ಒಂದು ಮಾತು. ಈ ಬೀಗ ತಡೆಯೋದು ಕಳ್ಳನನ್ನು, ಸರ್ಕಾರವನ್ನಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಕಂಪನಿಗಳಿಗೆ ಕಡಿವಾಣ ಹಾಕುತ್ತೆ, ಆದರೆ ಅದರ 17ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ತಾನು ಸೂಚಿಸಿದ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದು. ಬೇಲಿ ಒಂದು ಕಡೆಗೆ ಮಾತ್ರ.

ಬೀಗದ ಜೊತೆಗೆ ಬ್ಯಾಂಕಿಗೂ ಹೋಗಿ ‘ನನ್ನ ಖಾತೆಯಲ್ಲಿ ಎಇಪಿಎಸ್ ನಿಲ್ಲಿಸಿ’ ಅಂತ ಅರ್ಜಿ ಕೊಡಿ, ನಕಲಿಗೆ ಮೊಹರು ಹಾಕಿಸಿಕೊಳ್ಳಿ. ಡಿಬಿಟಿ, ಅಂದರೆ ಸರ್ಕಾರ ನೇರ ಹಾಕುವ ದುಡ್ಡು ಬರುವುದು ಒಂದೇ ಖಾತೆಗೆ. ಆದರೆ ಎಇಪಿಎಸ್ ಆಧಾರ್ ಜೋಡಿಸಿದ ಬೇರೆ ಖಾತೆಗಳಲ್ಲೂ ನಡೆಯುತ್ತೆ. ಎಷ್ಟು ಬ್ಯಾಂಕಲ್ಲಿ ಆಧಾರ್ ಕೊಟ್ಟಿದ್ದೀರೋ ಅಷ್ಟು ಅರ್ಜಿ.

ದುಡ್ಡು ಹೋಗೇಬಿಟ್ಟಿತು ಅಂದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಕೂಡಲೇ ಬಯೊಮೆಟ್ರಿಕ್ ಲಾಕ್ ಮಾಡಿ, ಆಮೇಲೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಬೇರೆಯವರ ವಂಚನೆಯಾಗಿದ್ದು, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆಯಿಲ್ಲ ಎನ್ನುತ್ತೆ ಆರ್‌ಬಿಐನ 2017ರ ಜುಲೈ ಸುತ್ತೋಲೆ. ದೂರಿನಲ್ಲಿ ತಾರೀಖು, ಗಂಟೆ, ಮೊತ್ತದ ಜೊತೆ ಸ್ಟೇಟ್‌ಮೆಂಟಿನಲ್ಲಿರುವ 12 ಅಂಕಿಯ ಆರ್‌ಆರ್‌ಎನ್ (ಆ ವಹಿವಾಟಿನ ಗುರುತು ಸಂಖ್ಯೆ) ಬರೆಯಿರಿ, ತೆಗೆದಿಟ್ಟ ಸ್ಕ್ರೀನ್‌ಶಾಟ್ ಲಗತ್ತಿಸಿ. ಸ್ವೀಕೃತಿ ಇಲ್ಲದೆ ಕೌಂಟರ್ ಬಿಟ್ಟು ಏಳಬೇಡಿ.