ಮನೆಮಂದಿ ಜೊತೆ ಮುಂಬೈ ಲೋಕಲ್: ಗಡಿಯಾರ ನೋಡಿ ಹತ್ತಿ

ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಮುಂಬೈ ಹೊಸ ಊರೇನಲ್ಲ. ಅತ್ತೆಯೋ ಅಣ್ಣನೋ ಮಗಳೋ, ಯಾರಾದರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಶುರುವಾದ ಮೇಲಂತೂ ಸಂಜೆ ಶಿರವಾಡದ ಸ್ಟೇಷನ್ನಿನಲ್ಲಿ ಹತ್ತಿ ಮಲಗಿದರೆ ಬೆಳಿಗ್ಗೆ ಮುಂಬೈ. ಶಿರಸಿಯವರು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದರೆ ಆಯಿತು. ಮಕ್ಕಳನ್ನೂ ಅಜ್ಜಿಯನ್ನೂ ಕರೆದುಕೊಂಡು ಲೋಕಲ್ ಹತ್ತಬೇಕಲ್ಲ ಎಂಬ ಹೆದರಿಕೆ ಶುರುವಾಗುವುದು ಅಲ್ಲಿ ಇಳಿದ ಮೇಲೆ. ಹೊತ್ತು ಮತ್ತು ದಿಕ್ಕು ಎರಡನ್ನೂ ಸರಿಯಾಗಿ ನೋಡಿಕೊಂಡರೆ ಆ ಹೆದರಿಕೆಗೆ ಕಾರಣವೇ ಇಲ್ಲ.

ಎಲ್ಲಿ ಇಳಿಯುವುದು ಎಂದು ಊರಲ್ಲೇ ತೀರ್ಮಾನಿಸಿ

ನಮ್ಮ ಕಡೆಯ ಹೆಚ್ಚಿನವರು ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ರೈಲಿಗೆ ಟಿಕೆಟ್ ಮಾಡುವಾಗ ಸುಮ್ನೆ ಕೊನೆಯ ಸ್ಟೇಷನ್ ಹಾಕಿಬಿಡುತ್ತಾರೆ. ಅದು ಕುರ್ಲಾ ಬಳಿಯ ಲೋಕಮಾನ್ಯ ತಿಲಕ್ ಟರ್ಮಿನಸ್. ಆದರೆ ಗಾಡಿ ಅದಕ್ಕಿಂತ ಮೊದಲು ಪನವೇಲ್ ಮತ್ತು ಠಾಣೆಯಲ್ಲೂ ನಿಲ್ಲುತ್ತದೆ. ನೆಂಟರ ಮನೆ ನೆರೂಲ್, ವಾಶಿ, ಖಾರ್ಘರ್ ಕಡೆ ಇದ್ದರೆ ಪನವೇಲ್‌ನಲ್ಲಿ ಇಳಿಯಿರಿ. ಡೊಂಬಿವಲಿ, ಕಲ್ಯಾಣ, ಮುಲುಂಡ್ ಆದರೆ ಠಾಣೆ. ಚೆಂಬೂರು, ಘಾಟ್ಕೋಪರ್ ಆದರೆ ಮಾತ್ರ ಕೊನೆಯವರೆಗೆ ಹೋಗಿ. ಇಷ್ಟು ಮಾಡಿದರೇ ಮೊದಲ ದಿನದ ಅರ್ಧ ಸುಸ್ತು ತಪ್ಪುತ್ತದೆ.

ನೆಂಟರ ಹತ್ತಿರ ವಿಳಾಸ ಕೇಳುವಾಗ ಲೋಕಲ್ ಸ್ಟೇಷನ್ ಯಾವುದು, ಈಸ್ಟೋ ವೆಸ್ಟೋ ಎಂದು ಮರೆಯದೆ ಕೇಳಿ. ಹಳಿಯ ಆಚೆ ಒಂದು ಊರು, ಈಚೆ ಇನ್ನೊಂದು. ತಪ್ಪು ಬದಿಗೆ ಹೊರಬಿದ್ದು ರಿಕ್ಷಾ ಹಿಡಿದರೆ ಸುತ್ತು ಹಾಕಿ ಬರಬೇಕಾಗುತ್ತದೆ.

ಇನ್ನು ಸಾಮಾನು. ಅಪ್ಪೆಮಿಡಿ ಭರಣಿ, ಹಲಸಿನ ಹಪ್ಪಳ, ಒಣಮೀನು, ಹತ್ತಿಪ್ಪತ್ತು ತೆಂಗಿನಕಾಯಿ. ಒಯ್ಯಬೇಡಿ ಎಂದರೆ ಯಾರೂ ಕೇಳುವುದಿಲ್ಲ, ಒಯ್ಯದಿದ್ದರೆ ಅಲ್ಲಿಯವರು ಬಿಡುವುದಿಲ್ಲ. ಒಯ್ಯಿರಿ, ಆದರೆ ಅಷ್ಟನ್ನೂ ಹೊತ್ತು ಲೋಕಲ್ ಹತ್ತಬೇಡಿ. ಬಂದ ದಿನ ರಿಕ್ಷಾ ಅಥವಾ ಟ್ಯಾಕ್ಸಿಯಲ್ಲೇ ಮನೆ ಸೇರಿ. ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ರಿಕ್ಷಾ ಹೋಗುವುದಿಲ್ಲ, ಆ ಕಡೆ ಟ್ಯಾಕ್ಸಿಯೇ ಗತಿ.

ಟಿಕೆಟ್

ಊರಿಂದ ಬಂದ ರೈಲಿನ ಟಿಕೆಟ್ ಅದರಲ್ಲಿ ಬರೆದ ಸ್ಟೇಷನ್ನಿಗೆ ಮುಗಿಯಿತು. ಲೋಕಲ್‌ಗೆ ಬೇರೆ ಟಿಕೆಟ್ ಬೇಕು. ಕೌಂಟರ್ ಇದೆ, ಮಷಿನ್ ಇದೆ, ಮೊಬೈಲಿನಲ್ಲಿ ರೈಲ್ವೆಯ ಆ್ಯಪ್ ಇದೆ. ಆ್ಯಪ್‌ನಲ್ಲಾದರೆ ಸ್ಟೇಷನ್ನಿನ ಒಳಗೆ ಹೋಗುವ ಮೊದಲೇ ತೆಗೆಯಿರಿ. ಹಳಿ ಪಕ್ಕ ನಿಂತು ಒತ್ತಿದರೆ ಕಾಗದವಿಲ್ಲದ ಟಿಕೆಟ್ ಬರುವುದಿಲ್ಲ. 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, 12ರ ಒಳಗಿನವರಿಗೆ ಅರ್ಧ. ದಿನವಿಡೀ ತಿರುಗುವ ಯೋಚನೆ ಇದ್ದರೆ ಕೌಂಟರ್‌ನಲ್ಲಿ ಟೂರಿಸ್ಟ್ ಟಿಕೆಟ್ ಕೇಳಿ. 1, 3 ಅಥವಾ 5 ದಿನಕ್ಕೆ ಸಿಗುತ್ತದೆ, ಎಲ್ಲ ಲೋಕಲ್ ಲೈನುಗಳಲ್ಲೂ ನಡೆಯುತ್ತದೆ.

ಒಂದೇ ಗಾಡಿಯಲ್ಲಿ ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್, ಲೇಡೀಸ್, ಅಂಗವಿಕಲರ ಡಬ್ಬಿ ಎಲ್ಲ ಇರುತ್ತವೆ. ಖಾಲಿ ಕಂಡಿತೆಂದು ಓಡಿ ಹತ್ತಿದ ಡಬ್ಬಿ ಫಸ್ಟ್ ಕ್ಲಾಸ್ ಆಗಿದ್ದರೆ ದಂಡ ಗ್ಯಾರಂಟಿ. ಎಸಿ ಲೋಕಲ್‌ಗೆ ದರ ಜಾಸ್ತಿ. ಆದರೆ ಅದರ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಜ್ಜಿ, ಸಣ್ಣ ಮಕ್ಕಳು ಜೊತೆಗಿದ್ದರೆ ಆ ಹಣ ದಂಡವಲ್ಲ.

ಯಾವ ಹೊತ್ತು, ಯಾವ ದಿಕ್ಕು

ಬೆಳಿಗ್ಗೆ 8ರಿಂದ 11ರವರೆಗೆ ಇಡೀ ಮುಂಬೈ ದಕ್ಷಿಣಕ್ಕೆ, ಅಂದರೆ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ಮತ್ತು ಚರ್ಚ್‌ಗೇಟ್ ಕಡೆಗೆ ಕೆಲಸಕ್ಕೆ ಹೋಗುತ್ತದೆ. ಸಂಜೆ 5ರಿಂದ 9ರವರೆಗೆ ವಾಪಸ್ ಬರುತ್ತದೆ. ಶಿರಸಿ ಮಾರಿಕಾಂಬಾ ಜಾತ್ರೆಯ ಗರ್ದಿ ನಮಗೆ ಎರಡು ವರ್ಷಕ್ಕೊಮ್ಮೆ, ಅವರಿಗೆ ದಿನಕ್ಕೆ ಎರಡು ಸಲ. ಆ ಹೊತ್ತಿನಲ್ಲಿ ಆ ದಿಕ್ಕಿಗೆ ಮಕ್ಕಳೊಂದಿಗೆ ಹತ್ತುವ ಸಾಹಸ ಬೇಡವೇ ಬೇಡ. 11ರ ಮೇಲೆ ಮನೆಯಿಂದ ಹೊರಡಿ. 4ರ ಒಳಗೆ ವಾಪಸ್ ಹತ್ತಿ. ಆಗದಿದ್ದರೆ ಅಲ್ಲೇ ಊಟ ಮುಗಿಸಿ 9ರ ನಂತರ ಹೊರಡಿ. ಸಿಎಸ್‌ಎಂಟಿ, ಚರ್ಚ್‌ಗೇಟ್‌ಗಳಲ್ಲಿ ಗಾಡಿ ಅಲ್ಲಿಂದಲೇ ಹೊರಡುವುದರಿಂದ ಗರ್ದಿ ಇಲ್ಲದ ಹೊತ್ತಿನಲ್ಲಿ ಕೂತೇ ಬರಬಹುದು.

ಭಾನುವಾರ ಖಾಲಿ ಇರುತ್ತದೆ ಎಂದು ನಂಬಿ ಹೊರಡುವವರಿಗೆ ಒಂದು ಮಾತು. ಹಳಿ ರಿಪೇರಿಗೆ ಭಾನುವಾರವೇ ‘ಮೆಗಾ ಬ್ಲಾಕ್’ ಇಡುತ್ತಾರೆ, ಆ ಹೊತ್ತಿನಲ್ಲಿ ಕೆಲವು ಗಾಡಿ ರದ್ದಾಗುತ್ತವೆ. ಹಿಂದಿನ ದಿನ ನೆಂಟರನ್ನು ಕೇಳಿಕೊಳ್ಳಿ, ಅವರಿಗೆ ಗೊತ್ತಿರುತ್ತದೆ.

ಲೈನ್ ಮೂರು, ದಾದರ್ ಒಂದು

ವೆಸ್ಟರ್ನ್ ಲೈನ್ ಚರ್ಚ್‌ಗೇಟ್‌ನಿಂದ ವಿರಾರ್ ಕಡೆಗೆ. ಸೆಂಟ್ರಲ್ ಲೈನ್ ಸಿಎಸ್‌ಎಂಟಿಯಿಂದ ಠಾಣೆ, ಕಲ್ಯಾಣ ಕಡೆಗೆ. ಹಾರ್ಬರ್ ಲೈನ್ ಸಿಎಸ್‌ಎಂಟಿಯಿಂದ ಕುರ್ಲಾ, ಚೆಂಬೂರು, ವಾಶಿ ಮೇಲೆ ಪನವೇಲ್‌ಗೆ. ಮುಂಬೈ ಸೆಂಟ್ರಲ್ ಎಂಬ ಸ್ಟೇಷನ್ ಇರುವುದು ಮಾತ್ರ ವೆಸ್ಟರ್ನ್ ಲೈನಿನಲ್ಲಿ! ವೆಸ್ಟರ್ನ್ ಮತ್ತು ಸೆಂಟ್ರಲ್ ಕೂಡುವ ದೊಡ್ಡ ಜಾಗ ದಾದರ್. ಹಾರ್ಬರ್ ಲೈನ್ ದಾದರ್‌ಗೆ ಬರುವುದಿಲ್ಲ. ನೆರೂಲ್‌ನಿಂದ ದಾದರ್‌ಗೆ ಹೋಗುವವರು ಕುರ್ಲಾದಲ್ಲಿ ಬದಲಿಸಬೇಕು. ದಾದರ್‌ನಲ್ಲಿ 2023ರ ಡಿಸೆಂಬರ್‌ನಿಂದ 1ರಿಂದ 7 ವೆಸ್ಟರ್ನ್ ಪ್ಲಾಟ್‌ಫಾರ್ಮ್, 8ರಿಂದ 14 ಸೆಂಟ್ರಲ್. ಹಿಂದೆ ಯಾವಾಗಲೋ ಹೋಗಿಬಂದ ಮಾವ ಹೇಳಿಕೊಟ್ಟ ಸೆಂಟ್ರಲ್ ನಂಬರುಗಳು ಈಗ ನಡೆಯುವುದಿಲ್ಲ.

ಹತ್ತುವುದು, ಇಳಿಯುವುದು

ಪ್ಲಾಟ್‌ಫಾರ್ಮಿನ ಮೇಲೆ ತೂಗುವ ಇಂಡಿಕೇಟರ್ ನೋಡಿ. ಗಾಡಿ ಎಲ್ಲಿಯವರೆಗೆ, ಎಷ್ಟು ಹೊತ್ತಿಗೆ, ಫಾಸ್ಟೋ (ದೊಡ್ಡ ಸ್ಟೇಷನ್ನುಗಳಲ್ಲಿ ಮಾತ್ರ ನಿಲ್ಲುವುದು) ಸ್ಲೋವೋ (ಎಲ್ಲ ಕಡೆ ನಿಲ್ಲುವುದು), 12 ಡಬ್ಬಿಯದೋ 15ರದೋ ಎಲ್ಲ ಅಲ್ಲಿರುತ್ತದೆ. ಮೈಕಿನಲ್ಲಿ ‘ಜಲದ್’ ಎಂದರೆ ಫಾಸ್ಟ್, ‘ಧೀಮಿ’ ಎಂದರೆ ಸ್ಲೋ. ಕಾರವಾರದ ಕೊಂಕಣಿಯವರಿಗೆ ಇದೆಲ್ಲ ಅರ್ಧ ಮನೆಮಾತೇ. ಫಾಸ್ಟ್ ಎಂದು ಆಸೆಪಡಬೇಡಿ. ಠಾಣೆಯಿಂದ ಮಾಟುಂಗಾದ ಉಡುಪಿ ಹೋಟೆಲಿಗೆ ಹೊರಟು ಫಾಸ್ಟ್ ಹತ್ತಿದರೆ, ಕುರ್ಲಾ ಬಿಟ್ಟ ಗಾಡಿ ದಾದರ್‌ಗೇ ಹೋಗಿ ನಿಲ್ಲುತ್ತದೆ. ದೋಸೆ ಹಿಂದೆ ಉಳಿಯಿತು. ವೆಸ್ಟರ್ನ್ ಲೈನಿನಲ್ಲಿ ಅಂಧೇರಿಗೆ ಹೋಗುವವರು ವಿರಾರ್ ಫಾಸ್ಟ್ ಹತ್ತಲೇಬೇಡಿ. ದೂರ ಹೋಗುವವರ ಗಾಡಿ ಅದು. ಹತ್ತಿದ ನಿಮ್ಮನ್ನು ಅವರು ಪ್ರೀತಿಯಿಂದ ನೋಡುವುದಿಲ್ಲ, ಇಳಿಯಲು ದಾರಿಯೂ ಸಿಗುವುದಿಲ್ಲ.

ಹೆಂಗಸರು ಮಕ್ಕಳೊಂದಿಗೆ ಲೇಡೀಸ್ ಡಬ್ಬಿಗೆ ಹೋಗುವುದು ಒಳ್ಳೆಯದು. 12ರೊಳಗಿನ ಹುಡುಗರನ್ನೂ ಕರೆದೊಯ್ಯಬಹುದು. ಆದರೆ ಹೀಗೆ ಬೇರೆಬೇರೆ ಹತ್ತುವಾಗ ಮೊದಲೇ ಮಾತಾಡಿಕೊಳ್ಳಿ: ಯಾವ ಸ್ಟೇಷನ್ನಿನಲ್ಲಿ ಇಳಿಯುವುದು, ಇಳಿದು ಎಲ್ಲಿ ನಿಲ್ಲುವುದು. ಬ್ರಿಜ್ಜಿನ ಮೆಟ್ಟಿಲ ಹತ್ತಿರ ಎಂದರೆ ಸಾಲದು, ಎರಡು ಮೂರು ಬ್ರಿಜ್ ಇರುತ್ತವೆ. ಇಳಿದ ಡಬ್ಬಿಯ ಎದುರೇ ನಿಲ್ಲಿ, ಗಂಡಸರು ಹುಡುಕಿಕೊಂಡು ಬರಲಿ. ಯಾರಾದರೂ ಹತ್ತದೆ ಉಳಿದುಬಿಟ್ಟರೆ ಅವರು ಅಲ್ಲೇ ಇರಬೇಕು. ಹತ್ತಿದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಬರಬೇಕು. ಇದನ್ನು ಮಕ್ಕಳಿಂದ ಬಾಯಿಪಾಠ ಹೇಳಿಸಿ. ಫೋನ್ ನಂಬರ್ ಬರೆದ ಚೀಟಿ ಅವರ ಜೇಬಿನಲ್ಲಿರಲಿ. ರೈಲ್ವೆ ಸಹಾಯಕ್ಕೆ 139.

ಗಾಡಿ ಬಂದಾಗ ಬಾಗಿಲಿನ ಪಕ್ಕಕ್ಕೆ ನಿಂತು ಇಳಿಯುವವರಿಗೆ ದಾರಿ ಬಿಡಿ. ಸಾಮಾನ್ಯ ಲೋಕಲ್‌ನ ಬಾಗಿಲು ಮುಚ್ಚುವುದಿಲ್ಲ. ಮಕ್ಕಳನ್ನು ಸೀಟುಗಳ ನಡುವಿನ ಓಣಿಗೆ ತಳ್ಳಿಬಿಡಿ. ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಮಾಡಿಕೊಡುವುದು ಅಲ್ಲಿಯ ರೂಢಿ. ‘ಥೋಡಾ ಸರ್ಕೋ’ ಎಂದರೆ ಮೂವರೂ ಮುಖ ನೋಡದೆಯೇ ನಾಲ್ಕು ಬೆರಳು ಸರಿಯುತ್ತಾರೆ. ಅರ್ಧ ಸೀಟಿನ ಮೇಲೆ ಒಂದು ಕಾಲು ಹೊರಗಿಟ್ಟು ಅಜ್ಜಿ ಕೂತರೆ ಆಯಿತು.

ಇಳಿಯುವ ತಯಾರಿ ಒಂದು ಸ್ಟೇಷನ್ ಮೊದಲೇ ಆಗಬೇಕು. ಗಾಡಿ ನಿಲ್ಲುವುದು ಅರ್ಧ ನಿಮಿಷವೂ ಅಲ್ಲ. ಪ್ಲಾಟ್‌ಫಾರ್ಮ್ ಎಡಕ್ಕೋ ಬಲಕ್ಕೋ ಎಂದು ಯಾರನ್ನಾದರೂ ಕೇಳಿ, ಅತ್ತ ಸರಿಯಿರಿ. ಮುಂದೆ ನಿಂತವರ ಬೆನ್ನು ಮುಟ್ಟಿ ‘ದಾದರ್ ಉತರ್ನಾ ಹೈ ಕ್ಯಾ?’ ಎನ್ನಿ. ಹೌದೆಂದರೆ ಅವರ ಹಿಂದೆಯೇ ನಿಲ್ಲಿ. ಇಲ್ಲವೆಂದರೆ ಅವರೇ ಜಾಗ ಬಿಡುತ್ತಾರೆ.

ನೆಲದಡಿಯ ಮೆಟ್ರೋ

ಮಕ್ಕಳಿಗೆ ಇಷ್ಟವಾಗುವುದು ಇದೇ. ಆರೆಯಿಂದ ಕಫ್ ಪರೇಡ್‌ವರೆಗಿನ ಆಕ್ವಾ ಲೈನ್ 2025ರ ಅಕ್ಟೋಬರ್‌ನಲ್ಲಿ ಪೂರ್ತಿಯಾಯಿತು. 33.5 ಕಿ.ಮೀ., 27 ಸ್ಟೇಷನ್, ಹೆಚ್ಚುಕಡಿಮೆ ಎಲ್ಲವೂ ನೆಲದಡಿಯಲ್ಲಿ. ಒಂದು ದಿನದ ತಿರುಗಾಟಕ್ಕೆ ಹೇಳಿ ಮಾಡಿಸಿದ ಲೈನ್ ಇದು. ಸಿದ್ಧಿವಿನಾಯಕ ದರ್ಶನ ಮುಗಿಸಿ ಅಲ್ಲೇ ಮೆಟ್ರೋ ಹತ್ತಿ, ಸೈನ್ಸ್ ಸೆಂಟರ್‌ನಲ್ಲಿ ಇಳಿದು ಮಕ್ಕಳಿಗೆ ಅದನ್ನು ತೋರಿಸಿ, ಮತ್ತೆ ಹತ್ತಿ ಸಿಎಸ್‌ಎಂಟಿ ಅಥವಾ ಹುತಾತ್ಮ ಚೌಕ್. ಗೇಟ್‌ವೇ ಆಫ್ ಇಂಡಿಯಾಕ್ಕೆ ಅಲ್ಲಿಂದ ಟ್ಯಾಕ್ಸಿ. ಲೋಕಲ್ ಟಿಕೆಟ್, ಟೂರಿಸ್ಟ್ ಟಿಕೆಟ್ ಎರಡೂ ಮೆಟ್ರೋದಲ್ಲಿ ನಡೆಯುವುದಿಲ್ಲ. ಘಾಟ್ಕೋಪರ್‌ನಿಂದ ಅಂಧೇರಿ ಕಡೆಗೆ ಹೋಗುವವರಿಗೆ ಮೆಟ್ರೋ ಲೈನ್ 1 ಇದೆ, ದಾದರ್ ಸುತ್ತಿ ಬರುವುದು ತಪ್ಪುತ್ತದೆ.

ವಾಪಸ್ ಬರುವಾಗ

ಮತ್ಸ್ಯಗಂಧಾ ಹೊರಡುವುದು ಮಧ್ಯಾಹ್ನ. ಕುರ್ಲಾ ಲೋಕಲ್ ಸ್ಟೇಷನ್ನೂ ತಿಲಕ್ ಟರ್ಮಿನಸ್ಸೂ ಒಂದೇ ಕಟ್ಟಡವಲ್ಲ. ನಡೆದು ಹೋಗುವುದಾದರೆ ಹಾರ್ಬರ್ ಲೈನಿನ ತಿಲಕ್ ನಗರ ಹತ್ತಿರ. ಸಾಮಾನಿದ್ದರೆ ನೇರ ರಿಕ್ಷಾ. ರಾತ್ರಿಯ ಮಂಗಳೂರು ಎಕ್ಸ್‌ಪ್ರೆಸ್‌ಗೆ ಸಿಎಸ್‌ಎಂಟಿಗೆ ಹೋಗುವವರು ಸಂಜೆ ಹೊರಟರೂ ಚಿಂತೆ ಇಲ್ಲ, ಗರ್ದಿ ಎಲ್ಲ ಎದುರು ದಿಕ್ಕಿನಲ್ಲಿರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಂಕಣ ರೈಲಿನದು ಮಳೆಗಾಲದ ವೇಳಾಪಟ್ಟಿ. ಹೋಗುವಾಗಿನ ಸಮಯವೇ ಬರುವಾಗಲೂ ಎಂದುಕೊಳ್ಳದೆ, ಹೊರಡುವ ದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿಕೊಳ್ಳಿ.