ಹಳೆಯ ಜೀಪಿಗೆ ಡಿಸ್ಕ್ ಬ್ರೇಕ್: ಕೂರಿಸಿದರೆ ಅರ್ಧ ಕೆಲಸ ಮಾತ್ರ

ಹಳ್ಳ ದಾಟಿ ಮೇಲೆ ಬಂದ ಹಳೆಯ ಜೀಪಿನ ಬ್ರೇಕ್ ಒತ್ತಿ ನೋಡಿ. ಡ್ರಮ್ಮಿನೊಳಗೆ ಹೊಕ್ಕ ನೀರು, ಕೆಸರು ಬೇಗ ಹೊರಬೀಳದೆ ಶೂಗಳ ಲೈನರ್ (ಡ್ರಮ್ಮಿಗೆ ಒಳಗಿನಿಂದ ಉಜ್ಜಿ ನಿಲ್ಲಿಸುವ ಪಟ್ಟಿ) ಜಾರುತ್ತದೆ. ಉದ್ದದ ಇಳಿಜಾರಿನಲ್ಲಿ ಇನ್ನೊಂದು ಪಾಡು: ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರವಾಗುತ್ತದೆ, ಪೆಡಲ್ ಕೆಳಕ್ಕೆ ಹೋಗುತ್ತದೆ. ಚಕ್ರದೊಡನೆ ಬಯಲಲ್ಲೇ ತಿರುಗುವ ಡಿಸ್ಕ್ ನೀರನ್ನು ಕೊಡವಿಬಿಡುತ್ತದೆ, ಬೇಗ ತಣಿಯುತ್ತದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಎರಡು ಚಕ್ರಗಳಿಗೆ ಡಿಸ್ಕ್ ಹಾಕಿದರೆ ಸಾಕು. ಹಿಂದೆ ಡ್ರಮ್ಮೇ ಇರಲಿ, ಹ್ಯಾಂಡ್‌ಬ್ರೇಕಿನ ತಲೆನೋವೂ ಇರುವುದಿಲ್ಲ.

ಕೊಳ್ಳುವ ಮುನ್ನ ರಿಮ್ ಅಳೆಯಿರಿ. ಪ್ಯಾಡುಗಳಿಂದ ಡಿಸ್ಕನ್ನು ಎರಡೂ ಬದಿ ಅಮುಕುವ ಕ್ಯಾಲಿಪರಿಗೂ ರಿಮ್ಮಿಗೂ ನಡುವೆ 5 ಮಿ.ಮೀ. ಆದರೂ ಜಾಗ ಬೇಕು. ಇಲ್ಲದಿದ್ದರೆ ಸಿಕ್ಕಿಕೊಂಡ ಸಣ್ಣ ಕಲ್ಲೇ ರಿಮ್ಮನ್ನು ಕೊರೆಯುತ್ತದೆ.

ಬಿಚ್ಚುವುದು, ಕೂರಿಸುವುದು

ಗಾಡಿಯನ್ನು ಬರೀ ಜಾಕಿನ ಮೇಲೆ ಬಿಡದೆ ಸ್ಟ್ಯಾಂಡ್ ಕೊಡಿ. ಹಳೆಯ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ದೂಳನ್ನು ಏರ್‌ಗನ್ನಿನಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಡ್ರಮ್, ಹಬ್, ಬೇರಿಂಗ್ ತೆಗೆದು, ಸ್ಪಿಂಡಲ್ (ಹಬ್ ಕೂರುವ ದಂಡ) ಬೋಲ್ಟ್ ಬಿಚ್ಚಿದರೆ ಶೂಗಳನ್ನು ಹೊತ್ತ ಬ್ಯಾಕಿಂಗ್ ಪ್ಲೇಟ್ ಕೈಗೆ ಬರುತ್ತದೆ. ಆ ಜಾಗಕ್ಕೇ ಕ್ಯಾಲಿಪರ್ ಬ್ರಾಕೆಟ್. ನಕಲ್ (ಸ್ಟೀರಿಂಗಿನೊಡನೆ ತಿರುಗುವ, ಚಕ್ರವನ್ನು ಹೊತ್ತ ಭಾಗ) ಮುಖದಲ್ಲಿ ಒಂದು ಚೂರು ತುಕ್ಕು ಉಳಿದರೂ ಬ್ರಾಕೆಟ್ ಓರೆಯಾಗಿ, ಪ್ಯಾಡ್ ಓರೆಯಾಗಿ ಸವೆಯುತ್ತದೆ. ಬ್ರಾಕೆಟ್ ಹಳೆಯ ಪ್ಲೇಟಿಗಿಂತ ದಪ್ಪ, ಹಾಗಾಗಿ ಹಳೆಯ ಬೋಲ್ಟ್ ಗಿಡ್ಡವಾಗಬಹುದು. ಬೋಲ್ಟಿನ ವ್ಯಾಸದಷ್ಟಾದರೂ ಥ್ರೆಡ್ ಒಳಗೆ ಹಿಡಿದಿರಬೇಕು. ಆಯಿಲ್ ಸೀಲ್ ಹೊಸದೇ ಹಾಕಿ.

ಡಿಸ್ಕ್ ಕೂತ ಮೇಲೆ ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿ. ಓಲಾಟ 0.1 ಮಿ.ಮೀ. ದಾಟಿದರೆ ಪೆಡಲ್ ನಡುಗುತ್ತದೆ. ಬಹುಪಾಲು ತಪ್ಪು ಡಿಸ್ಕಿನದಲ್ಲ, ಹಬ್ಬಿನ ಮುಖದ ತುಕ್ಕಿನದು. ಕ್ಯಾಲಿಪರಿನಲ್ಲಿ ಗಾಳಿ ಹೊರಬಿಡುವ ಬ್ಲೀಡ್ ನಿಪ್ಪಲ್ ಮೇಲ್ತುದಿಯಲ್ಲೇ ಇರಬೇಕು. ಎಡದ್ದನ್ನು ಬಲಕ್ಕೆ ಹಾಕಿದರೆ ನಿಪ್ಪಲ್ ಕೆಳಗೆ ಬಂದು, ಮೇಲೆ ಸಿಕ್ಕಿದ ಗಾಳಿ ಎಷ್ಟು ಪೆಡಲ್ ಒತ್ತಿದರೂ ಬರುವುದಿಲ್ಲ. ಮೆತ್ತಗಿನ ಪೆಡಲಿಗೆ ಮಾಸ್ಟರ್ ಸಿಲಿಂಡರನ್ನು (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಸಿಲಿಂಡರ್) ಬಯ್ಯುವ ಮೊದಲು ಇಲ್ಲಿ ನೋಡಿ. ಹೊಸ ಹೋಸ್ ಹಾಕಿ ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಆಕ್ಸಲನ್ನು ನೇತಾಡಲು ಬಿಟ್ಟು ನೋಡಿ; ಎಲ್ಲೂ ಎಳೆಯಬಾರದು, ಉಜ್ಜಬಾರದು.

ಹೊಂದಿಸುವುದು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಡ್ರಮ್ಮಿನೊಳಗೆ ಶೂ ತಳ್ಳುವ 25 ಮಿ.ಮೀ. ವೀಲ್ ಸಿಲಿಂಡರ್ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 4.9 ಚದರ ಸೆಂ.ಮೀ., 60 ಮಿ.ಮೀ. ಕ್ಯಾಲಿಪರ್ ಪಿಸ್ಟನ್ನಿನದು 28. ಪ್ಯಾಡ್ ಸವೆದಂತೆ ಅಷ್ಟೂ ಜಾಗಕ್ಕೆ ಆಯಿಲ್ ಬೇಕು, ಡ್ರಮ್ ಕಾಲದ ಪುಟ್ಟ ಆಯಿಲ್ ಡಬ್ಬಿ ಬರಿದಾಗುತ್ತದೆ. ಡಿಸ್ಕ್-ಡ್ರಮ್ಮಿಗೆಂದೇ ಮಾಡಿದ, ಮುಂದೆ ಹಿಂದೆ ಬೇರೆ ಬೇರೆ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಹಾಕಿ. ಒಂದು ಪೈಪ್ ಒಡೆದರೂ ಇನ್ನೊಂದು ಬದಿ ಹಿಡಿಯುತ್ತದೆ. ಮಾಸ್ಟರ್ ಸಿಲಿಂಡರಿಗೆ ದೊಡ್ಡ ಬೋರ್ (ಒಳವ್ಯಾಸ) ಒಳ್ಳೆಯದೆಂಬ ಭ್ರಮೆ ಬೇಡ: 25ರಿಂದ 28 ಮಿ.ಮೀ.ಗೆ ಹೋದರೆ ಕಾಲಿನ ಅದೇ ಬಲಕ್ಕೆ ಲೈನಿನ ಒತ್ತಡ ಶೇ 20ರಷ್ಟು ಇಳಿಯುತ್ತದೆ.

ತಿರುಗುವ ಡ್ರಮ್ ಶೂವನ್ನು ತಾನೇ ಎಳೆದುಕೊಂಡು ಬಿಗಿಯುತ್ತದೆ, ಡಿಸ್ಕಿಗೆ ಆ ಗುಣವಿಲ್ಲ. ಆದ್ದರಿಂದ ಕಾಲಿನ ಬಲಕ್ಕೆ ಬಲ ಸೇರಿಸುವ ವ್ಯಾಕ್ಯೂಮ್ ಬೂಸ್ಟರ್ ಬೇಕು, ಇಲ್ಲವೇ ಪೆಡಲಿನ ಅನುಪಾತ (ಕಾಲಿನ ಬಲವನ್ನು ಪೆಡಲ್ ಎಷ್ಟು ಪಟ್ಟು ಮಾಡುತ್ತದೆ ಎಂಬುದು) 6:1ರ ಹತ್ತಿರ ಇರಬೇಕು. ಡೀಸೆಲ್ ಎಂಜಿನ್ನಾದರೆ ಬೂಸ್ಟರಿಗೆ ವ್ಯಾಕ್ಯೂಮ್ ಪಂಪ್ ಸೇರಿಸಿ.

ಡ್ರಮ್ ಸರ್ಕ್ಯೂಟಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವ ರೆಸಿಡುಯಲ್ ವಾಲ್ವ್ ಇರುತ್ತದೆ. ಅದು ಮುಂದಿನ ಲೈನಿನಲ್ಲಿ ಉಳಿದರೆ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಆದರೆ ಮಾಸ್ಟರ್ ಸಿಲಿಂಡರ್ ನೆಲಹಾಸಿನಡಿ, ಕ್ಯಾಲಿಪರಿಗಿಂತ ಕೆಳಗಿದ್ದರೆ ಆಯಿಲ್ ಹಿಂದಕ್ಕೆ ಇಳಿಯದಂತೆ 2 ಪಿಎಸ್‌ಐ ವಾಲ್ವ್ ಬೇಕು.

ಹಿಂದಿನ ಲೈನಿಗೆ ಒತ್ತಡ ತಗ್ಗಿಸುವ, ಹೊಂದಿಸಬಹುದಾದ ಪ್ರಪೋರ್ಷನಿಂಗ್ ವಾಲ್ವ್ ಹಾಕಿ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ಅಡ್ಡ ತಿರುಗುತ್ತದೆ. ಖಾಲಿ ಬಯಲಿನಲ್ಲಿ ಒತ್ತಿ ನೋಡಿ, ಮುಂದಿನದೇ ಕೊಂಚ ಮೊದಲು ಲಾಕ್ ಆಗುವಂತೆ ತಿರುವಿ.

ಪೆಡಲಿನ ಪುಶ್ ರಾಡಿಗೂ ಅದು ತಳ್ಳುವ ಮಾಸ್ಟರ್ ಸಿಲಿಂಡರ್ ಪಿಸ್ಟನ್ನಿಗೂ ನಡುವೆ 1 ಮಿ.ಮೀ. ಸಡಿಲ ಬಿಡಿ. ಬಿಡದಿದ್ದರೆ ಆಯಿಲ್ ವಾಪಸ್ಸಾಗುವ ರಂಧ್ರ ಮುಚ್ಚಿ, ಕಾದಂತೆಲ್ಲ ಒತ್ತಡ ಏರಿ ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ. ಪೈಪಿನ ತುದಿಯನ್ನು ಅಗಲಿಸಿದ ಫ್ಲೇರ್ ಡಬಲ್ಲೋ ಬಬಲ್ಲೋ, ಫಿಟ್ಟಿಂಗಿಗೆ ತಕ್ಕದ್ದೇ ಇರಲಿ. ಕಂಪ್ರೆಶನ್ ಜಾಯಿಂಟ್ ಬೇಡವೇ ಬೇಡ.

ಮಾಸ್ಟರ್ ಸಿಲಿಂಡರಿನ ಗಾಳಿಯನ್ನು ಗಾಡಿಗೆ ಜೋಡಿಸುವ ಮುನ್ನವೇ ತೆಗೆಯಿರಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತುಂಬಿಸಿ, ದೂರದ ಚಕ್ರದಿಂದ ಬ್ಲೀಡ್ ಮಾಡುತ್ತ ಬನ್ನಿ. ಸಿಲಿಕೋನ್ ಮೂಲದ ಡಾಟ್ 5 ಇದಕ್ಕೆ ಬೆರೆಸಬಾರದು. ಬಣ್ಣದ ಮೇಲೆ ಚೆಲ್ಲಿದ ಡಾಟ್ 4 ಕೂಡಲೇ ತೊಳೆಯದಿದ್ದರೆ ಬಣ್ಣ ಎದ್ದುಬರುತ್ತದೆ.

ಹೊಸ ಪ್ಯಾಡ್ ಡಿಸ್ಕಿಗೆ ಒಗ್ಗಲು 50 ಕಿ.ಮೀ. ವೇಗದಿಂದ 10ಕ್ಕೆ ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ. ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣಿಸಿ. ಇಳಿದು ಮುಂದಿನ ಎರಡೂ ಹಬ್ಬಿನ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಕಡೆ ಶಾಖ ಹೆಚ್ಚಿದ್ದರೆ ಆ ಕ್ಯಾಲಿಪರಿನ ಸ್ಲೈಡ್ ಪಿನ್ ಬಿಗಿಯಾಗಿದೆಯೇ, ಪಿಸ್ಟನ್ ಹಿಂದೆ ಸರಿಯುತ್ತಿಲ್ಲವೇ ನೋಡಿ. 100 ಕಿ.ಮೀ. ಆದ ಮೇಲೆ ಬ್ರಾಕೆಟ್ ಬೋಲ್ಟಿನ ಟಾರ್ಕ್ ಇನ್ನೊಮ್ಮೆ ಪರೀಕ್ಷಿಸಿ.