ಕೆಸರು, ಚಳಿ, ಕತ್ತಲೆಯ ನಡುವೆ ದೀರ್ಘ ಮೌಂಟನ್ ಬೈಕ್ ರೇಸ್: ಸಿದ್ಧತೆ ಹೇಗಿರಬೇಕು?

ನೂರು ಕಿಲೋಮೀಟರ್ ಮೀರಿದ ಮೌಂಟನ್ ಬೈಕ್ ರೇಸ್‌ಗೆ ಹೆಸರು ಕೊಟ್ಟವರು ಮೊದಲು ಲೆಕ್ಕ ಹಾಕುವುದು ವಾರಕ್ಕೆ ಎಷ್ಟು ದೂರ ತುಳಿಯಬೇಕೆಂಬುದನ್ನು. ಅದು ಬೇಕಾದದ್ದೇ, ಆದರೆ ಹವಾಮಾನ ಕೆಟ್ಟಾಗ ರೇಸ್ ಕೈತಪ್ಪಿಹೋಗುವುದು ಹಲವು ಸಲ ಬೇರೆಯೇ ಕಾರಣಗಳಿಗೆ. ಮರಗಟ್ಟಿದ ಬೆರಳುಗಳು ಬ್ರೇಕ್ ಒತ್ತಲಾರವು, ಹೊಟ್ಟೆ ತಿಂದದ್ದನ್ನು ಒಪ್ಪದು, ಮರಳು ಮೆತ್ತಿದ ಚೈನ್ ಏರಿನ ನಡುವೆ ತುಂಡಾಗುತ್ತದೆ. ಇವೆಲ್ಲ ಸಾಮಾನ್ಯವಾಗಿ ಎದುರಾಗುವುದು ರೇಸ್‌ನ ಕೊನೆಯ ಮೂರನೇ ಒಂದು ಭಾಗದಲ್ಲಿ. ಆದ್ದರಿಂದ ಸಿದ್ಧತೆಯ ಪ್ರತಿಯೊಂದು ನಿರ್ಧಾರವನ್ನೂ ಆ ಭಾಗವನ್ನು ಕಣ್ಣ ಮುಂದಿಟ್ಟುಕೊಂಡು ತೆಗೆದುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಷ್ಟ ಯಾವ ಬಗೆಯದು ಎಂಬುದನ್ನು ಮೊದಲೇ ಅರಿಯಬೇಕು. ಅಮೆರಿಕದ ಕೊಲರಾಡೊದಲ್ಲಿ ನಡೆಯುವ ಲೆಡ್‌ವಿಲ್ ರೇಸ್ 3,000 ಮೀಟರಿಗೂ ಎತ್ತರದ ಊರಿನಿಂದ ಹೊರಡುವುದರಿಂದ ಅಲ್ಲಿ ತೆಳು ಗಾಳಿಯೇ ದೊಡ್ಡ ಅಡ್ಡಿ; ಸ್ಕಾಟ್ಲೆಂಡಿನಲ್ಲಿ ಜನವರಿಯಲ್ಲಿ ನಡೆಯುವ 24 ಗಂಟೆಗಳ ಸ್ಟ್ರಾತ್‌ಪಫರ್‌ನಲ್ಲಿ ಸುಮಾರು 17 ಗಂಟೆ ಕತ್ತಲೆಯಲ್ಲೇ ಕಳೆಯುತ್ತದೆ; 2004ರಲ್ಲಿ ಆರಂಭವಾದ ದಕ್ಷಿಣ ಆಫ್ರಿಕಾದ ಕೇಪ್ ಎಪಿಕ್ ಇಬ್ಬರ ತಂಡಗಳು ಎಂಟು ದಿನ ಓಡಿಸುವ ರೇಸ್ ಆದ್ದರಿಂದ ಜೊತೆಗಾರರ ವೇಗ ಹೊಂದುವುದೂ ಸಿದ್ಧತೆಯ ಭಾಗವೇ ಆಗುತ್ತದೆ. ನಿಮ್ಮ ರೇಸ್‌ನ ನಕ್ಷೆಯಲ್ಲಿ ದೂರಕ್ಕಿಂತ ಒಟ್ಟು ಏರು, ನೀರು ಸಿಗುವ ಜಾಗಗಳು ಮತ್ತು ಸಮಯಮಿತಿಯ ಠಾಣೆಗಳನ್ನು (ಗೊತ್ತಾದ ಹೊತ್ತಿನೊಳಗೆ ತಲುಪದಿದ್ದರೆ ರೇಸ್‌ನಿಂದ ಹೊರಗಾಗುವ ಜಾಗಗಳನ್ನು) ಗುರುತು ಮಾಡಿಕೊಳ್ಳಿ.

ತರಬೇತಿಯ ಬಗ್ಗೆ ಸಂಕ್ಷಿಪ್ತವಾಗಿ ಹೇಳುವುದಾದರೆ, ಆಗಲೇ ಸೈಕಲ್ ತುಳಿಯುವ ರೂಢಿಯಿರುವವರಿಗೂ ಮೂರು ನಾಲ್ಕು ತಿಂಗಳು ಬೇಕು. ವಾರಕ್ಕೊಂದು ದೀರ್ಘ ಸವಾರಿ, ಒಂದೆರಡು ಬಿರುಸಿನ ಏರು ಅಭ್ಯಾಸಗಳು, ಉಳಿದದ್ದು ನಿರಾಳ ವೇಗದಲ್ಲಿ. ಮಳೆ ಬಂದ ದಿನ ಸವಾರಿಯನ್ನು ಮುಂದೂಡಬಾರದು, ಏಕೆಂದರೆ ಒದ್ದೆ ಬೇರುಗಳ ಮೇಲೆ ಸಮತೋಲ ಕಾಯುವುದನ್ನು ಒದ್ದೆ ಬೇರುಗಳ ಮೇಲೆಯೇ ಕಲಿಯಬೇಕು. ಸೈಕಲ್ಲನ್ನು ತಳ್ಳಿಕೊಂಡೋ ಹೆಗಲ ಮೇಲೆ ಹೊತ್ತೋ ಏರುವ ಅಭ್ಯಾಸವೂ ಇರಲಿ. ಸೆಕೆಯ ನಾಡಿನ ರೇಸ್ ಆದರೆ ದೇಹ ಬಿಸಿಗೆ ಒಗ್ಗಿಕೊಳ್ಳಲು ಸುಮಾರು 10ರಿಂದ 14 ದಿನ, ಎತ್ತರಕ್ಕೆ ಒಗ್ಗಲು ಎರಡು ಮೂರು ವಾರ ಹಿಡಿಯುತ್ತದೆ.

ಸೈಕಲ್ಲಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗಮನ ಕೊಡುವುದು ಬ್ರೇಕ್ ಪ್ಯಾಡ್‌ಗಳಿಗೆ. ರಾಳದಿಂದ ಬೆಸೆದ ರೆಸಿನ್ ಪ್ಯಾಡ್‌ಗಳು ಒಣ ಹಾದಿಯಲ್ಲಿ ಮೃದುವಾಗಿ, ಸದ್ದಿಲ್ಲದೆ ಹಿಡಿಯುತ್ತವೆ. ಆದರೆ ಮರಳು ಬೆರೆತ ಕೆಸರಿನಲ್ಲಿ ಹೊಸ ಜೋಡಿಯೂ ಒಂದೇ ದಿನದಲ್ಲಿ ಲೋಹದವರೆಗೆ ಸವೆದುಹೋಗಬಹುದು. ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಪ್ಯಾಡ್‌ಗಳು ಕಿರುಚಿದರೂ ಬಹಳ ಹೊತ್ತು ಬಾಳುತ್ತವೆ. ಅವು ನಿಮ್ಮ ಡಿಸ್ಕ್‌ಗೆ ಹೊಂದುತ್ತವೆಯೇ ಎಂದು ಮೊದಲು ನೋಡಿ, ಹೊಸ ಪ್ಯಾಡ್‌ಗಳನ್ನು ರೇಸ್‌ಗೆ ಮೊದಲೇ ಹಾಕಿ, ಇಳಿಜಾರಿನಲ್ಲಿ ಹಲವು ಬಾರಿ ಒತ್ತಿ ಬಿಟ್ಟು ಪಳಗಿಸಿ, ಇನ್ನೊಂದು ಜೋಡಿಯನ್ನು ಜೊತೆಗೆ ಒಯ್ಯಿರಿ. ಚಳಿಯಲ್ಲಿ ಬೆರಳುಗಳು ಸೋಲುವುದರಿಂದ ಬ್ರೇಕ್ ಲಿವರ್‌ಗಳನ್ನು ಹಿಡಿಗೆ ತುಸು ಹತ್ತಿರ ತಿರುಗಿಸಿಕೊಳ್ಳುವುದು ಒಳ್ಳೆಯದು.

ಟೈರ್ ವಿಷಯದಲ್ಲಿ ಅಗಲವಾದದ್ದೇ ಮೇಲೆಂಬ ನಂಬಿಕೆ ಜಿಗುಟು ಕೆಸರಿನಲ್ಲಿ ಸುಳ್ಳಾಗುತ್ತದೆ. ಟೈರ್‌ಗೂ ಫ್ರೇಮಿಗೂ ನಡುವೆ ಕೆಸರು ಜಾರಿಹೋಗಲು ಜಾಗವಿರಬೇಕು. ಮೇಲ್ಮೈಯ ಗುಬಟುಗಳು (ಉಬ್ಬುಗಳು) ವಿರಳವಾಗಿಯೂ ಎತ್ತರವಾಗಿಯೂ ಇರುವ, ತುಸು ಕಿರಿದಾದ ಟೈರ್ ಅಲ್ಲಿ ತಾನಾಗಿ ಶುಚಿಯಾಗುತ್ತದೆ. ಒದ್ದೆ ಕಲ್ಲು ಬೇರುಗಳಿಗೆ ಸಾಮಾನ್ಯ ಒತ್ತಡಕ್ಕಿಂತ ಒಂದೆರಡು ಪಿಎಸ್‌ಐ ಕಡಿಮೆ ಇರಲಿ, ರಿಮ್ ಕಲ್ಲಿಗೆ ಬಡಿಯುವಷ್ಟು ಕಡಿಮೆ ಬೇಡ. ಟ್ಯೂಬ್‌ಲೆಸ್ ಟೈರಿನೊಳಗೆ ತೂತು ಮುಚ್ಚಲು ಹಾಕುವ ದ್ರವವಾದ ಸೀಲೆಂಟ್ ಕೆಲವು ತಿಂಗಳುಗಳಲ್ಲಿ ಒಣಗುವುದರಿಂದ ರೇಸ್‌ಗೆ ಒಂದೆರಡು ವಾರ ಮೊದಲು ಹೊಸದನ್ನು ತುಂಬಿಸಿ. ಹನ್ನೊಂದು, ಹನ್ನೆರಡು ಗೇರ್‌ಗಳ ಚೈನ್ ಅಳತೆಗೋಲಿನಲ್ಲಿ 0.5 ಪ್ರತಿಶತ ಸವೆತ ತೋರಿಸಿದರೆ ಬದಲಿಸಬೇಕು. ಮಳೆಗೆ ಒದ್ದೆ ಹವೆಯ ಲ್ಯೂಬ್ (ಚೈನ್ ಎಣ್ಣೆ) ಹಾಕಿ, ಸಣ್ಣ ಸೀಸೆಯೊಂದನ್ನು ಜೇಬಿನಲ್ಲಿಡಿ. ಉಳಿದಂತೆ ಒಂದು ಟ್ಯೂಬ್, ಪಂಪ್, ಟೈರ್ ಪ್ಲಗ್‌ಗಳು, ಚೈನ್ ಕಳಚುವ ಉಪಕರಣ, ತುಂಡಾದ ಚೈನನ್ನು ಮತ್ತೆ ಜೋಡಿಸುವ ಎರಡು ಕ್ವಿಕ್ ಲಿಂಕ್ ಮತ್ತು ನಿಮ್ಮ ಫ್ರೇಮಿಗೇ ಹೊಂದುವ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಸಾಧನವನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಸಾಕು. ಈ ಹ್ಯಾಂಗರ್ ಹಲವು ಫ್ರೇಮುಗಳಲ್ಲಿ ಬೇರೆ ಬೇರೆಯಾಗಿರುವುದರಿಂದ ಸಹಸವಾರರಿಂದ ಎರವಲು ಸಿಗುವುದು ಕಷ್ಟ. ಇವನ್ನೆಲ್ಲ ಮನೆಯಲ್ಲಿ ಒದ್ದೆ ಕೈಗವಸು ತೊಟ್ಟು ಒಮ್ಮೆ ಬಳಸಿ ನೋಡಿ.

ಊಟದ ಲೆಕ್ಕ ಗಂಟೆಯ ಲೆಕ್ಕ. ದೀರ್ಘ ರೇಸ್‌ನಲ್ಲಿ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳನ್ನು ಕರುಳು ಬೇರೆ ಬೇರೆ ದಾರಿಗಳಿಂದ ಹೀರಿಕೊಳ್ಳುವುದರಿಂದ 60 ಗ್ರಾಂ ಮೀರಿದಾಗ ಎರಡನ್ನೂ ಬೆರೆಸಿ ಕೊಟ್ಟರೆ ಮಾತ್ರ ಹೊಟ್ಟೆ ತಾಳುತ್ತದೆ. ಇದಕ್ಕೆ ಹೊಟ್ಟೆಯನ್ನು ಕೆಲವು ವಾರಗಳ ಸವಾರಿಗಳಲ್ಲಿ ಪಳಗಿಸಬೇಕು. ಚಳಿಯಲ್ಲಿ ಬಾಯಾರಿಕೆ ಮಂಕಾಗುತ್ತದೆ, ಗಟ್ಟಿಯಾದ ಬಾರ್ ಅಗಿಯಲಾಗದು, ಪೊಟ್ಟಣ ಹರಿಯಲು ಬೆರಳು ಬಾರದು. ಆದ್ದರಿಂದ ಪೊಟ್ಟಣಗಳ ತುದಿಯನ್ನು ಮೊದಲೇ ಕತ್ತರಿಸಿ ಸಡಿಲಿಸಿಡಿ, ಕೆಸರಿನ ಹಾದಿಗೆ ಮುಚ್ಚಳವಿರುವ ಬಾಟಲಿ ಆರಿಸಿ. ಸೆಕೆಯಲ್ಲಿ ಎಷ್ಟು ಕುಡಿಯಬೇಕೆಂದು ತಿಳಿಯಲು ಅಭ್ಯಾಸದ ಸವಾರಿಯ ಹಿಂದೆ ಮುಂದೆ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದರೆ, ಕುಡಿದದ್ದಲ್ಲದೆ ಇನ್ನೂ ಸುಮಾರು ಒಂದು ಲೀಟರ್ ಬೆವರು ಹೋಗಿದೆ ಎಂದರ್ಥ. ತೂಕ ಏರಿದ್ದರೆ ನೀರು ಅತಿಯಾಗಿದೆ. ರಕ್ತದ ಸೋಡಿಯಂ ಕುಸಿಯುವ ಆ ಸ್ಥಿತಿ ನಿರ್ಜಲೀಕರಣದಷ್ಟೇ ಅಪಾಯಕರವಾದುದು.

ಉಡುಪಿನಲ್ಲಿ ಹತ್ತಿಯನ್ನು ಪೂರ್ತಿ ಬಿಡಿ, ಅದು ನೀರು ಹಿಡಿದು ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಒಳಗೆ ತೆಳು ಉಣ್ಣೆ, ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್, ಜೊತೆಗೆ ನೀರು ತಾಗದ ಚೀಲದಲ್ಲಿ ಒಂದು ಜೋಡಿ ಒಣ ಕೈಗವಸು. ಜಾಕೆಟನ್ನು ಶಿಖರದಲ್ಲಿ, ಇಳಿಯಲು ತೊಡಗುವ ಮುನ್ನವೇ ತೊಡಬೇಕು.

ಕೊನೆಯ ಒಂದೆರಡು ವಾರ ತರಬೇತಿಯ ಪ್ರಮಾಣವನ್ನು ಅರ್ಧದಷ್ಟಕ್ಕೆ ಇಳಿಸಿ, ಬಿರುಸನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಿ. ರೇಸ್‌ನ ಮೊದಲ ಗಂಟೆ ಏರಿನಲ್ಲೂ ಸಣ್ಣ ವಾಕ್ಯ ಆಡುವಷ್ಟು ಉಸಿರಿರಬೇಕು. ಹಿಂದೆ ಸರಿಯುವ ಗೆರೆಯನ್ನೂ ಮನೆಯಲ್ಲಿ, ಮನಸ್ಸು ತಿಳಿಯಾಗಿರುವಾಗಲೇ ಎಳೆದುಕೊಂಡಿರಬೇಕು: ತಡೆಯಲಾಗದ ನಡುಕ, ತೊದಲುವ ಮಾತು, ಕೈಯಿಂದ ವಸ್ತು ಜಾರುವುದು, ಹೆಜ್ಜೆ ತಪ್ಪುವುದು ದೇಹದ ಒಳಶಾಖ ಕುಸಿಯುತ್ತಿರುವುದರ ಲಕ್ಷಣಗಳು. ಅಷ್ಟು ಹೊತ್ತಿಗೆ ಸವಾರನ ವಿವೇಚನೆಯೂ ಮಂಕಾಗಿರುವುದರಿಂದ, ಈ ಲಕ್ಷಣಗಳನ್ನು ಜೊತೆಗಾರರಿಗೂ ನೆರವಿನ ಠಾಣೆಯಲ್ಲಿ ಕಾಯುವ ನಿಮ್ಮವರಿಗೂ ಮೊದಲೇ ತಿಳಿಸಿ, ಅವರು ನಿಲ್ಲು ಎಂದರೆ ವಾದವಿಲ್ಲದೆ ನಿಲ್ಲುವುದಾಗಿ ಒಪ್ಪಿಕೊಂಡಿರಿ.